ಸುಗಂಧರಾಜದ ಬುಡ ಕೊಳೆ ರೋಗ: ಸಾಸಿವೆಕಾಳು ಕಟ್ಟೋ ಮೊದ್ಲೇ ಹಿಡಿಯೋದು ಹೇಗೆ

ಮುಂಗಾರಿನ ಎರಡು ಹದ ಮಳೆ ಬಿದ್ದು ಮೂರ್ನಾಲ್ಕು ದಿನ ಮೋಡ ಮುಚ್ಕೊಂಡೇ ಇತ್ತು ಅಂದ್ರೆ ನಾನು ಬೆಳಗ್ಗೆ ಎದ್ದ ತಕ್ಷಣ ಕಾಫಿಗೂ ಮೊದ್ಲು ಸುಗಂಧರಾಜದ ಪಾತಿ ಹತ್ರ ಕುಕ್ಕರಗಾಲಲ್ಲಿ ಕೂತು ಒಂದೊಂದು ಬುಡನೂ ನೋಡ್ತೀನಿ. ಎಲೆ ಸರಿಸಿ, ಮಣ್ಣು ಮತ್ತೆ ಎಲೆ ಸೇರೋ ಜಾಗ ಇದೆಯಲ್ಲ, ಅಲ್ಲಿ. ಅಲ್ಲಿ ಹತ್ತಿ ಎಳೆ ಥರ ಬೆಳ್ಳಗೆ ಏನಾದ್ರೂ ಕಂಡ್ರೆ ಅವತ್ತಿನ ಬೇರೆ ಕೆಲಸ ಎಲ್ಲಾ ಆಮೇಲೆ.

ಈ ಅಭ್ಯಾಸ ಬಂದಿದ್ದು ಸುಮ್ನೆ ಅಲ್ಲ. ತುಮಕೂರಲ್ಲಿ ಮನೆ ಕಟ್ಟಿಸಿದಾಗ ಹಿತ್ತಿಲಲ್ಲಿ ಬರೀ ಜಲ್ಲಿ ಸಿಮೆಂಟು ಚೂರು, ಅದಕ್ಕೆ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ಹೊಡೆಸಿ ಅಮ್ಮನ ಪೂಜೆಗೆ ಅಂತ ನಲವತ್ತು ಬುಡ ಸುಗಂಧರಾಜ ಹಾಕಿದ್ವಿ, ಮೊದಲ್ನೇ ವರ್ಷ ಎಷ್ಟು ಹೂ ಬಂತು ಅಂದ್ರೆ ಸಾಯಂಕಾಲ ಹಿಂದಿನ ಬಾಗಿಲು ತೆಗೆದ್ರೆ ಅಡುಗೆಮನೆ ತನಕ ವಾಸನೆ. ಎರಡನೇ ಮುಂಗಾರಲ್ಲಿ ಐದು ವಾರದಲ್ಲಿ ಇಪ್ಪತ್ತಾರು ಬುಡ ಹೋಯ್ತು. ಅಂಗಡಿಯಲ್ಲಿ ಕೇಳಿ ಒಂದು ಪುಡಿ ತಂದು ಹುಯ್ದೆ, ಏನೂ ಆಗ್ಲಿಲ್ಲ, ಇನ್ನೊಂದು ಸಲ ಹುಯ್ದೆ, ಆಗ್ಲೂ ಇಲ್ಲ. ಆಮೇಲೆ ಗೊತ್ತಾಗಿದ್ದು ಎರಡು ವಿಷಯ: ಆ ಔಷಧಿ ಈ ಶಿಲೀಂಧ್ರಕ್ಕೆ ನಾಟೋದೇ ಇಲ್ಲ, ಮತ್ತೆ ಆ ಮಣ್ಣು ಬಂದಿದ್ದು ವರ್ಷಾನುವರ್ಷ ಕಡ್ಲೆಕಾಯಿ ಬೆಳೆದ ಹೊಲದಿಂದ. ಕಡ್ಲೆಕಾಯಿ ಬೆಳೆಯೋರಿಗೆ ಬುಡ ಕೊಳೆ ಅಂದ್ರೆ ಗೊತ್ತಿರತ್ತೆ, ಅದೇ ರೋಗ, ಅದೇ ಬೂಷ್ಟು, ನಮ್ಮ ಹೂವಿನ ಪಾತಿಗೆ ಟ್ರ್ಯಾಕ್ಟರಲ್ಲೇ ಬಂದಿರಬೇಕು. ಮಣ್ಣು ಕೊಟ್ಟವರಿಗೂ ಗೊತ್ತಿರ್ಲಿಕ್ಕಿಲ್ಲ, ತಗೊಳ್ಳೋ ನಾನೂ ಕೇಳ್ಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೀತಿದೀನಿ, ನೀವು ಮೊದಲ್ನೇ ಬುಡದಲ್ಲೇ ಹಿಡಿಯಬಹುದು ಅಂತ.

ಇದು ಯಾವ ಬೂಷ್ಟು

ಹೆಸರು ಸ್ಕ್ಲೆರೋಶಿಯಂ ರಾಲ್ಫ್ಸೈ. ಪೀಟರ್ ಹೆನ್ರಿ ರಾಲ್ಫ್ಸ್ ಅನ್ನೋ ವಿಜ್ಞಾನಿ 1892ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಟೊಮ್ಯಾಟೊ ಗಿಡದಲ್ಲಿ ಇದನ್ನ ನೋಡಿ ವರದಿ ಮಾಡಿದ್ರು, 1911ರಲ್ಲಿ ಇಟಲಿಯ ಸಕಾರ್ಡೊ ಅನ್ನೋ ವಿಜ್ಞಾನಿ ಈ ರಾಲ್ಫ್ಸ್ ಹೆಸರನ್ನೇ ಇದಕ್ಕೆ ಇಟ್ರು. ಐನೂರಕ್ಕೂ ಹೆಚ್ಚು ಜಾತಿ ಗಿಡಗಳಿಗೆ ತಗಲತ್ತೆ. ಕಡ್ಲೆಕಾಯಿ, ಟೊಮ್ಯಾಟೊ, ಮೆಣಸಿನಕಾಯಿ, ಬದನೆ, ಹುರುಳಿಕಾಯಿ, ಡೇರೆ, ಐರಿಸ್, ಲಿಲ್ಲಿ, ಹೇಳ್ತಾ ಹೋದ್ರೆ ಮುಗಿಯಲ್ಲ. ಡಲ್ಲಾಸ್ ಹೂಸ್ಟನ್ ಕಡೆ ಇರೋ ನಮ್ಮವರು ಹಿತ್ತಿಲಲ್ಲಿ ಗಡ್ಡೆ ಹೂವು ಹಾಕಿದ್ರೆ ಅಲ್ಲಿ ಸದರ್ನ್ ಬ್ಲೈಟ್ ಅಂತಾರಲ್ಲ, ಅದೂ ಇದೇ.

ಇದರ ನಡವಳಿಕೆ ಅರ್ಥ ಆದ್ರೆ ಮುಂದೆ ಹೇಳೋದೆಲ್ಲಾ ಯಾಕೆ ಅಂತ ತಾನಾಗೇ ಗೊತ್ತಾಗತ್ತೆ, ಅದಕ್ಕೆ ಸ್ವಲ್ಪ ತಾಳ್ಮೆಯಿಂದ ಓದಿ. ಇದು ಗಾಳಿಯಲ್ಲಿ ಹಾರಿ ಬರೋ ರೋಗ ಅಲ್ಲ. ಮಣ್ಣಲ್ಲಿ ಸಣ್ಣ ಸಣ್ಣ ಕಾಳಾಗಿ ಕೂತಿರತ್ತೆ, ಸಾಸಿವೆಗಿಂತ ಸ್ವಲ್ಪ ಚಿಕ್ಕದು, ಒಂದೊಂದು ಸಲ ರಾಗಿಯಷ್ಟು, ಬಣ್ಣನೂ ಹಾಗೇ ಕಂದು. ಊಟ ಇಲ್ದೆ ನೀರಿಲ್ದೆ ವರ್ಷಗಟ್ಟಲೆ ಹಾಗೇ ಬಿದ್ದಿರತ್ತೆ. ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗಿ, ಮೇಲೆ ಮಳೆ ಬಿದ್ದು ನೆನೀತು ಅಂದ್ರೆ ಮೊಳೆಯತ್ತೆ, ಒಣಗಿ ನೆನೆಯೋದೇ ಅದಕ್ಕೆ ಎಬ್ಬಿಸಿದ ಹಾಗೆ. ಅದಕ್ಕೇ ಮೊದಲ್ನೇ ಮುಂಗಾರು ಮಳೆ ಆದ್ಮೇಲೆ ಕಾಣಿಸಿಕೊಳ್ಳೋದು. ಸೆಖೆ ಬೇಕು, 25ರಿಂದ 35 ಡಿಗ್ರಿ, ತೇವ ಬೇಕು, ಗಾಳಿನೂ ಬೇಕು, ಹಾಗಾಗಿ ಮಣ್ಣಿನ ಮೇಲ್ಭಾಗದ ಎರಡು ಮೂರು ಇಂಚಲ್ಲೇ ಇದರ ಆಟ. ಆಳದಲ್ಲಿ ಹೂತುಹೋದ ಕಾಳು ಏಳೋದು ಕಮ್ಮಿ. ಇನ್ನೊಂದು, ಎದ್ದ ತಕ್ಷಣ ಗಿಡಕ್ಕೆ ಹೋಗೋಕೆ ಅದಕ್ಕೆ ಶಕ್ತಿ ಬೇಕು, ಆ ಶಕ್ತಿ ಸಿಗೋದು ಬುಡದಲ್ಲಿ ಬಿದ್ದಿರೋ ಒಣಗಿದ ಎಲೆ ಕಸ ಕಡ್ಡಿಯಿಂದ. ಕಸ ತಿಂದು ದಾರ ಬಿಟ್ಟು ಬುಡ ಮುಟ್ಟತ್ತೆ, ಆಕ್ಸಾಲಿಕ್ ಆಸಿಡ್ ಬಿಟ್ಟು ಗಿಡದ ಜೀವಕೋಶ ಮೊದ್ಲೇ ಸಾಯಿಸಿ ಆಮೇಲೆ ಒಳಗೆ ಹೋಗತ್ತೆ. ಒಂದು ವಾರ ಹತ್ತು ದಿನದಲ್ಲಿ ಮತ್ತೆ ನೂರಾರು ಕಾಳು ಕಟ್ಟತ್ತೆ. ನಮ್ಮ ಕೈಲಿರೋ ಸಮಯ ಅಂದ್ರೆ ಅಷ್ಟೇ, ಬೆಳ್ಳಗೆ ಕಂಡ ದಿನದಿಂದ ಕಾಳು ಕಂದು ಆಗೋ ತನಕ.

1. ಮೊದ್ಲು ಇದೇ ರೋಗ ಹೌದಾ ನೋಡ್ಕೊಳ್ಳಿ

ಸುಗಂಧರಾಜದಲ್ಲಿ ಮೊದ್ಲು ಕೆಳಗಿನ ಎಲೆ ಬುಡದ ಹತ್ರ ಹಸಿರು ಮಾಸಿ, ನೀರಲ್ಲಿ ನೆನೆಸಿದ ಹಾಗೆ ಮೆತ್ತಗಾಗತ್ತೆ. ಎಲೆ ತುದಿ ಇನ್ನೂ ಹಸಿರಾಗೇ ಇರತ್ತೆ, ಅದಕ್ಕೇ ನಿಂತು ನೋಡಿದ್ರೆ ಏನೂ ಕಾಣಲ್ಲ. ಆ ಎಲೆ ಹಿಡಿದು ಮೆಲ್ಲಗೆ ಎಳೆದ್ರೆ ಕೈಗೇ ಬಂದ್ಬಿಡತ್ತೆ. ಅದರ ಬುಡದಲ್ಲಿ, ಪಕ್ಕದ ಮಣ್ಣಿನ ಮೇಲೆ, ಬೀಸಣಿಗೆ ಆಕಾರದಲ್ಲಿ ಬಿಳಿ ದಾರ ಹರಡಿರತ್ತೆ. ಇನ್ನೂ ನಾಲ್ಕು ದಿನ ಬಿಟ್ರೆ ಕಾಳು.

ಡೌಟ್ ಇದ್ರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ, ನಾನು ಈಗ್ಲೂ ಮಾಡ್ತೀನಿ. ಮೆತ್ತಗಾದ ಎಲೆಬುಡ ಎರಡಿಂಚು ಕತ್ತರಿಸಿ, ಮಣ್ಣು ಹೋಗೋ ಹಾಗೆ ತೊಳೆದು, ಒದ್ದೆ ಟಿಶ್ಯೂ ಪೇಪರ್ ಹಾಸಿದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಳ ಸಡಿಲ ಮುಚ್ಚಿ ಇಡಿ. ಎರಡು ಮೂರು ದಿನದಲ್ಲಿ ಬೆಳ್ಳಗೆ ಹೊಳೆಯೋ ದಾರ ಟಿಶ್ಯೂ ಮೇಲೆಲ್ಲಾ ಓಡಿರತ್ತೆ. ವಾರದ ಹೊತ್ತಿಗೆ ಅಲ್ಲಲ್ಲಿ ಬಿಳಿ ಗಂಟು, ಪ್ರತಿ ಗಂಟಿನ ಮೇಲೂ ಒಂದೊಂದು ಸಣ್ಣ ನೀರ ಹನಿ ಬೆವರಿನ ಹಾಗೆ ನಿಂತಿರತ್ತೆ, ಆಮೇಲೆ ಅದು ಕೆನೆ ಬಣ್ಣ, ಆಮೇಲೆ ಬೆಲ್ಲದ ಬಣ್ಣ, ಕೊನೆಗೆ ಗಟ್ಟಿ ಕಂದು ಕಾಳು. ಇದನ್ನ ಒಂದು ಸಲ ಕಣ್ಣಾರೆ ನೋಡಿದ್ರೆ ಆಮೇಲೆ ಪಾತಿಯಲ್ಲಿ ಎಲ್ಲಿ ಕಂಡ್ರೂ ಗುರುತು ಸಿಗತ್ತೆ. ನೋಡಿದ್ಮೇಲೆ ಡಬ್ಬಿಗೆ ಕುದಿಯೋ ನೀರು ಹುಯ್ದು ಹತ್ತು ನಿಮಿಷ ಬಿಟ್ಟು ಎಸೀರಿ, ಹಾಗೇ ಹಿತ್ತಿಲಿಗೆ ಚೆಲ್ಲಬೇಡಿ.

ಬೇರೆ ಕಾಯಿಲೆ ಜೊತೆ ಗೊಂದಲ ಮಾಡ್ಕೋಬೇಡಿ. ಗಡ್ಡೆ ಲೋಳೆಯಾಗಿ ಕೆಟ್ಟ ವಾಸನೆ ಹೊಡೆದ್ರೆ ಅದು ಬ್ಯಾಕ್ಟೀರಿಯಾ ಕೊಳೆ. ಗ್ಲಾಡಿಯೋಲಸ್‌ನಲ್ಲಿ ಎಲೆ ತುದಿಯಿಂದ ಹಳದಿಯಾಗಿ ಬಾಗಿ, ಗಡ್ಡೆ ಕತ್ತರಿಸಿದ್ರೆ ಒಳಗೆ ಕಂದು ಒಣ ಕೊಳೆ ಇದ್ರೆ ಅದು ಫ್ಯುಸೇರಿಯಂ, ಅದೂ ಮಣ್ಣಿನ ಶಿಲೀಂಧ್ರನೇ ಆದ್ರೆ ಸಾಸಿವೆಕಾಳು ಕಟ್ಟಲ್ಲ. ಬೇರಲ್ಲಿ ಗಂಟು ಗಂಟು ಇದ್ರೆ ಮಣ್ಣಲ್ಲಿರೋ ಜಂತುಹುಳದ (ನೆಮಟೋಡ್) ಕಾಟ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಶೃಂಗಾರ್ ತಳಿ ಆ ಬೇರುಗಂಟು ಜಂತುಹುಳ ತಡ್ಕೊಳ್ಳತ್ತೆ, ಅದನ್ನ ಕೇಳಿ ಎಲ್ಲಾ ರೋಗಕ್ಕೂ ತಡ್ಕೊಳ್ಳತ್ತೆ ಅಂದ್ಕೊಂಡು ತರೋರಿದ್ದಾರೆ, ಈ ಬುಡ ಕೊಳೆ ವಿಷಯದಲ್ಲಿ ಅದನ್ನ ನಂಬ್ಕೊಂಡು ಎಚ್ಚರ ತಪ್ಪಬೇಡಿ.

2. ಅವತ್ತೇ ಮಾಡೋ ಕೆಲಸ

ಇಲ್ಲಿ ಔಷಧಿ ಡಬ್ಬಿ ಹುಡುಕ್ಕೊಂಡು ಹೋಗೋದಲ್ಲ, ಹಾರೆ ಮತ್ತೆ ಒಂದು ದಪ್ಪ ಪ್ಲಾಸ್ಟಿಕ್ ಕವರ್ ತಗೊಳ್ಳಿ. ರೋಗ ಬಂದ ಬುಡದ ಸುತ್ತ ಒಂದು ಗೇಣು ಜಾಗ ಬಿಟ್ಟು, ಒಂದು ಗೇಣು ಆಳಕ್ಕೆ, ಮಣ್ಣಿನ ಸಮೇತ ಹೆಂಟೆಯಾಗಿ ಎತ್ತಿ ನೇರ ಕವರಿಗೆ ಹಾಕಿ. ಎತ್ತಿ ಒದರಬೇಡಿ, ಗಿಡ ಕಿತ್ತು ಮಣ್ಣು ಝಾಡಿಸೋದು ನಮಗೆಲ್ಲಾ ಕೈಗೆ ಬಂದ ಅಭ್ಯಾಸ, ಆದ್ರೆ ಇಲ್ಲಿ ಹಾಗೆ ಝಾಡಿಸಿದ್ರೆ ಕಾಳು ಬಿತ್ತಿದ ಹಾಗೆ. ಮೊದ್ಲು ಕವರ್ ಬಾಯಿ ಪಕ್ಕಕ್ಕೆ ತಂದು ಇಟ್ಕೊಂಡು ಆಮೇಲೆ ಅಗೀರಿ.

ಬಿದ್ದ ಎಲೆ, ಮೇಲಿನ ಕಸ ಎಲ್ಲಾ ಅದೇ ಕವರಿಗೆ. ಅದನ್ನ ಗೊಬ್ಬರದ ಗುಂಡಿಗೆ ಮಾತ್ರ ಹಾಕ್ಬೇಡಿ, ಮನೆಯ ಗೊಬ್ಬರದ ಗುಂಡಿ ಅಷ್ಟು ಕಾಯಲ್ಲ, ಕಾಳು ಸಾಯಲ್ಲ, ಮುಂದಿನ ವರ್ಷ ಗೊಬ್ಬರದ ಜೊತೆ ಎಲ್ಲಾ ಪಾತಿಗೂ ನೀವೇ ಹಂಚ್ತೀರ. ಕವರ್ ಬಾಯಿ ಕಟ್ಟಿ ತೋಟದಿಂದ ಆಚೆ ಸಾಗಿಸಿ, ಊರ ಕಡೆ ಜಾಗ ಇದ್ರೆ ಒಣಗಿಸಿ ಸುಡಬಹುದು.

ಆ ಗುಂಡಿಯ ಅಕ್ಕಪಕ್ಕ ನಾಲ್ಕು ಬುಡನೂ ಎಲೆ ಸರಿಸಿ ನೋಡಿ. ನೀರು ಹರಿದು ಹೋಗೋ ಕಡೆ ಇರೋ ಬುಡಗಳನ್ನ ಎರಡು ಸಲ ನೋಡಿ. ನಮ್ಮ ಪಾತಿಯಲ್ಲಿ ರೋಗ ಹರಡಿದ ದಾರಿ ನೋಡಿದ್ರೆ ಪೈಪ್ ನೀರು ಹರಿಯೋ ದಾರಿ ಹೇಗಿತ್ತೋ ಹಾಗೇ ಇತ್ತು, ಒಂದು ಬುಡನೂ ಮೇಲಿನ ಕಡೆಗೆ ಹೋಗಿರ್ಲಿಲ್ಲ, ಎಲ್ಲಾ ಇಳಿಜಾರಿಗೆ. ಕಾಳು ನೀರಲ್ಲಿ ತೇಲಿ ಉರುಳಿ ಹೋಗತ್ತೆ. ಹಾಗಾಗಿ ಗುಂಡಿ ಸುತ್ತ ಸಣ್ಣ ಬದು ಕಟ್ಟಿ ಅಲ್ಲಿಂದ ನೀರು ಮುಂದೆ ಹೋಗದ ಹಾಗೆ ಮಾಡಿ, ಒಂದು ಇಟ್ಟಿಗೆ ಇಟ್ಟು ಜಾಗ ಗುರುತು ಮಾಡಿ.

ಹಾರೆ, ಗುದ್ದಲಿ, ಕುರ್ಪಿ, ಚಪ್ಪಲಿ ತಳ, ಎಲ್ಲಾ ಅಲ್ಲೇ ಬಕೆಟ್ ನೀರಲ್ಲಿ ಉಜ್ಜಿ ಮಣ್ಣು ತೆಗೆದು ಬಿಸಿಲಲ್ಲಿ ಒಣಗಿಸಿ. ಆ ಬಕೆಟ್ ನೀರನ್ನ ಇನ್ನೊಂದು ಗಿಡಕ್ಕೆ ಹುಯ್ಬೇಡಿ, ಬಾತ್ರೂಮಿನ ಮೋರಿಗೆ ಹಾಕಿ. ಮಾಲಿ ಬರೋ ಮನೆ ಆದ್ರೆ ಅವರಿಗೂ ಹೇಳಿ, ಹತ್ತು ಮನೆ ಕೆಲಸ ಒಂದೇ ಗುದ್ದಲಿಯಲ್ಲಿ ಆಗತ್ತೆ.

3. ಔಷಧಿ, ಆದ್ರೆ ಸರಿಯಾದ್ದು

ಇಲ್ಲೇ ಹೆಚ್ಚು ಜನ ಎಡವೋದು, ನಾನು ಎರಡು ಸಲ ದುಡ್ಡು ಕಳ್ಕೊಂಡಿದ್ದೂ ಇಲ್ಲೇ. ಗಡ್ಡೆ ಕೊಳೀತಿದೆ ಅಂದ ತಕ್ಷಣ ಸಿಗೋದು ಕಾರ್ಬೆಂಡಜಿಮ್. ಅದು ಫ್ಯುಸೇರಿಯಂ ಥರದ ಶಿಲೀಂಧ್ರಕ್ಕೆ ಕೆಲಸ ಮಾಡೋ ಔಷಧಿ, ಈ ಸ್ಕ್ಲೆರೋಶಿಯಂಗೆ ಅದು ಅಷ್ಟಾಗಿ ನಾಟಲ್ಲ. ಶಿಲೀಂಧ್ರದಲ್ಲೂ ಕುಲ ಬೇರೆ ಬೇರೆ, ಇದು ಅಣಬೆ ಕುಲದ್ದು, ಅದಕ್ಕೆ ಔಷಧಿ ಬೇರೆ. ಅದಕ್ಕೇ ಮೊದ್ಲು ಡಬ್ಬಿ ಪರೀಕ್ಷೆ ಮಾಡಿ ಅಂದಿದ್ದು.

ಇದಕ್ಕೆ ಕೆಲಸ ಮಾಡೋದು ಟ್ರಯಾಜೋಲ್ ಗುಂಪಿನವು, ಹೆಕ್ಸಾಕೊನಜೋಲ್ ಅಥವಾ ಟೆಬುಕೊನಜೋಲ್. ಹೆಕ್ಸಾಕೊನಜೋಲ್ 5 ಪರ್ಸೆಂಟ್ ದ್ರಾವಣ ಆದ್ರೆ ಒಂದು ಲೀಟರ್ ನೀರಿಗೆ 1 ಎಂಎಲ್. ರೋಗ ಬಂದ ಜಾಗ ಮತ್ತೆ ಅದರ ಸುತ್ತ ಇರೋ ಬುಡಗಳಿಗೆ, ಬುಡಕ್ಕೆ ಅರ್ಧ ಲೀಟರ್ ಹಾಗೆ, ಎಲೆಬುಡ ಮತ್ತೆ ಮೇಲಿನ ಮಣ್ಣು ಚೆನ್ನಾಗಿ ನೆನೆಯೋ ಹಾಗೆ ನಿಧಾನ ಹುಯ್ಯಿರಿ. ಎಲೆ ಮೇಲೆ ಸ್ಪ್ರೇ ಮಾಡಿದ್ರೆ ಏನೂ ಉಪಯೋಗ ಇಲ್ಲ, ಅದು ಇರೋದು ಬುಡದಲ್ಲಿ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ, ಅಷ್ಟು ಸಾಕು. ಇನ್ನೂ ಸ್ವಲ್ಪ ಜಾಸ್ತಿ ಇರ್ಲಿ ಅಂತ 1 ಎಂಎಲ್ ಇದ್ದಿದ್ದು 4 ಎಂಎಲ್ ಮಾಡ್ಬೇಡಿ, ಈ ಗುಂಪಿನ ಔಷಧಿ ಜಾಸ್ತಿ ಆದ್ರೆ ಗಿಡದ ಬೆಳವಣಿಗೆನೇ ಕುಂಠಿತ ಆಗತ್ತೆ.

ಗ್ಲೌಸ್ ಹಾಕ್ಕೊಳ್ಳಿ, ಅಳತೆಗೆ ಅಡುಗೆಮನೆ ಚಮಚ ಬೇಡ, ಹಳೇ ಸಿರಿಂಜ್ ಇಟ್ಕೊಳ್ಳಿ. ಹೂವಿರೋ ಸಮಯದಲ್ಲಿ ಹುಯ್ದಿದ್ರೆ ಆ ಬುಡಗಳ ಹೂವು ಸ್ವಲ್ಪ ದಿನ ಮುಡಿಯೋಕೆ ಕೀಳಬೇಡಿ, ಮಕ್ಕಳು ಮೂಗಿಗೆ ಹಿಡ್ಕೋತಾರೆ. ಔಷಧಿ ತರೋ ಮೊದ್ಲು ಎಲೆ ಮತ್ತೆ ಪರೀಕ್ಷೆ ಡಬ್ಬಿಯ ಫೋಟೋ ತಗೊಂಡು ಹತ್ತಿರದ ತೋಟಗಾರಿಕೆ ಇಲಾಖೆ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ, ತುಮಕೂರಿನವರಿಗೆ ಹಿರೇಹಳ್ಳಿಯಲ್ಲಿದೆ, ಮತ್ತೆ ಲೇಬಲ್ ಮೇಲಿರೋದನ್ನ ಪೂರ್ತಿ ಓದಿ.

ಹತ್ತಾರು ಬುಡ ಇರೋ ಮನೆ ತೋಟದಲ್ಲಿ ಒಂದೇ ಒಂದು ಬುಡಕ್ಕೆ ಬಂದು ಬಿಳಿ ಇರುವಾಗ್ಲೇ ಎತ್ತಿಬಿಟ್ರಿ ಅಂದ್ರೆ ಔಷಧಿ ಬೇಕಾಗದೇನೂ ಇರಬಹುದು. ಹೋದ ವರ್ಷ ನನಗೆ ಎರಡು ಬುಡ ಹೋಯ್ತು, ಔಷಧಿ ಹುಯ್ಲಿಲ್ಲ, ಎತ್ತಿದೆ ಅಷ್ಟೇ, ಮುಂದೆ ಹೋಗ್ಲಿಲ್ಲ.

4. ಟ್ರೈಕೋಡರ್ಮಾ ಗೊಬ್ಬರ

ಟ್ರೈಕೋಡರ್ಮಾ ಅಂದ್ರೆ ಅದೂ ಒಂದು ಶಿಲೀಂಧ್ರನೇ, ಒಳ್ಳೇದು, ಕೆಟ್ಟ ಶಿಲೀಂಧ್ರದ ದಾರಕ್ಕೆ ಸುತ್ಕೊಂಡು ಅದನ್ನ ತಿನ್ನತ್ತೆ. ಆದ್ರೆ ಕೊಳೆತ ಬುಡಕ್ಕೆ ತಂದು ಉದುರಿಸಿದ್ರೆ ಏನೂ ಆಗಲ್ಲ, ಅದು ಮೊದ್ಲೇ ಹೋಗಿ ಜಾಗ ಹಿಡ್ಕೊಂಡಿರಬೇಕು. ಅಂದ್ರೆ ಏಪ್ರಿಲ್ ಮೇ ಕೆಲಸ.

ಪುಡಿಯನ್ನ ಹಾಗೇ ಮಣ್ಣಿಗೆ ಹಾಕೋದಕ್ಕಿಂತ ಗೊಬ್ಬರದಲ್ಲಿ ಬೆಳೆಸಿ ಹಾಕಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10 ಕೆಜಿ, ಬೇವಿನ ಹಿಂಡಿ 1 ಕೆಜಿ, ಟ್ರೈಕೋಡರ್ಮಾ ಪುಡಿ 100 ಗ್ರಾಂ. ಮೂರೂ ಕಲಸಿ, ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದು ಒತ್ತಿದ್ರೆ ಉಂಡೆ ಆಗಬೇಕು ಆದ್ರೆ ಬೆರಳ ಸಂದಿಯಲ್ಲಿ ನೀರು ಇಳೀಬಾರದು, ಅಷ್ಟು ಹದ. ನೆರಳಲ್ಲಿ ಗುಡ್ಡೆ ಹಾಕಿ ಒದ್ದೆ ಗೋಣಿಚೀಲ ಮುಚ್ಚಿ. ಮೂರ್ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಿ, ಗೋಣಿ ಒಣಗಿದ್ರೆ ಮತ್ತೆ ನೆನೆಸಿ. ಹತ್ತರಿಂದ ಹದಿನೈದು ದಿನಕ್ಕೆ ಗೊಬ್ಬರದ ಮೇಲೆ ಹಸಿರು ಬಣ್ಣದ ಪುಡಿ ಪುಡಿ ಬೂಷ್ಟು ಬರತ್ತೆ, ಅದು ಬಂದ್ರೆ ಆಯ್ತು ಅಂತ ಅರ್ಥ. ಒಂದೊಂದು ಬುಡಕ್ಕೆ ಎರಡು ಹಿಡಿ ಮೇಲಿನ ಮಣ್ಣಿಗೆ ಬೆರೆಸಿ.

ಪ್ಯಾಕೆಟ್ ತಗೊಳ್ಳುವಾಗ ತಯಾರಾದ ತಾರೀಖು ನೋಡಿ, ಅದು ಜೀವ ಇರೋ ವಸ್ತು, ಆರು ತಿಂಗಳು ದಾಟಿದ್ದು ಬೇಡ, ಬಿಸಿಲಲ್ಲಿ ಶೋಕೇಸಲ್ಲಿಟ್ಟಿದ್ದೂ ಬೇಡ. ಹಿಂದೆ ಹೇಳಿದ ಔಷಧಿ ಹುಯ್ದಿದ್ರೆ ಹದಿನೈದು ಇಪ್ಪತ್ತು ದಿನ ಬಿಟ್ಟು ಇದನ್ನ ಹಾಕಿ, ಎರಡನ್ನೂ ಒಟ್ಟಿಗೆ ಹಾಕಿದ್ರೆ ಔಷಧಿ ಇದನ್ನೂ ಕೊಲ್ಲತ್ತೆ.

5. ಬೇಸಿಗೆ ಬಿಸಿಲಲ್ಲಿ ಮಣ್ಣು ಬೇಯಿಸೋದು

ಪಾತಿಯಲ್ಲಿ ಅರ್ಧಕ್ಕರ್ಧ ಹೋಗಿದೆ ಅಂದ್ರೆ ಇದನ್ನ ಮಾಡ್ಲೇಬೇಕು, ನನ್ನ ಪಾತಿ ಉಳಿದಿದ್ದೇ ಇದರಿಂದ. ಇಸ್ರೇಲಿನಲ್ಲಿ ಕಟಾನ್ ಅನ್ನೋ ವಿಜ್ಞಾನಿ ಮತ್ತೆ ಅವರ ಜೊತೆಗಾರರು 1976ರಲ್ಲಿ ಇದನ್ನ ಜಗತ್ತಿಗೆ ತೋರಿಸಿದ್ದು, ನಮ್ಮ ಬಯಲುಸೀಮೆ ಬಿಸಿಲಿಗೆ ಹೇಳಿ ಮಾಡಿಸಿದ ಹಾಗಿದೆ.

ಮಾರ್ಚ್ ಕೊನೆಗೆ ಗಡ್ಡೆ ಎಲ್ಲಾ ಕಿತ್ತು ಪಾತಿ ಖಾಲಿ ಮಾಡಿ. ಕಲ್ಲು ಹೆಂಟೆ ತೆಗೆದು ಮಟ್ಟ ಮಾಡಿ. ಸಾಯಂಕಾಲ ಒಂದು ಅಡಿ ಆಳ ನೆನೆಯೋ ಹಾಗೆ ನೀರು ಕಟ್ಟಿ, ಒಣ ಮಣ್ಣಲ್ಲಿ ಕಾಳು ಬಿಸಿ ತಡ್ಕೊಳ್ಳತ್ತೆ, ಒದ್ದೆ ಮಣ್ಣಲ್ಲಿ ತಡ್ಕೊಳ್ಳೋಕಾಗಲ್ಲ. ಮಾರನೇ ಬೆಳಗ್ಗೆ ಪಾರದರ್ಶಕ ಪಾಲಿಥೀನ್ ಶೀಟ್, 100 ಗೇಜ್ ಇಂದ 200 ಗೇಜ್, ಮಣ್ಣಿಗೆ ಅಂಟ್ಕೊಂಡು ಕೂರೋ ಹಾಗೆ ಹಾಸಿ. ಕಪ್ಪು ಶೀಟ್ ಬೇಡ, ಅದು ಬಿಸಿಲನ್ನ ತಾನೇ ಹೀರ್ಕೊಳ್ಳತ್ತೆ, ಮಣ್ಣಿಗೆ ಅಷ್ಟು ಬಿಡಲ್ಲ. ನಾಲ್ಕೂ ಅಂಚು ಕಾಲುವೆ ತೋಡಿ ಒಳಗೆ ಹೂತು ತುಳೀರಿ, ಒಂದು ಕಡೆ ಗಾಳಿ ಆಡಿದ್ರೂ ಬಿಸಿ ನಿಲ್ಲಲ್ಲ. ಬೀದಿ ನಾಯಿ, ಬೆಕ್ಕು ಓಡಾಡಿ ತೂತು ಮಾಡಿದ್ರೆ ಅವತ್ತೇ ಟೇಪ್ ಹಾಕಿ. ಆರು ವಾರ ಹಾಗೇ ಬಿಡಿ.

ಮಧ್ಯಾಹ್ನ ಶೀಟ್ ಒಳಗಡೆ ನೀರ ಹನಿ ಒತ್ತಾಗಿ ಕಟ್ಟಿರತ್ತೆ, ಅಂಚಲ್ಲಿ ಕೈ ಇಟ್ರೆ ಸುಡತ್ತೆ. ಮೇಲಿನ ಮೂರ್ನಾಲ್ಕು ಇಂಚಿನ ಕಾಳಲ್ಲಿ ಎಷ್ಟೋ ಸಾಯತ್ತೆ, ಸಾಯದೇ ಇದ್ದಿದ್ದೂ ಬಿಸಿಗೆ ಸೊರಗಿ ಸಿಪ್ಪೆ ಬಿರುಕು ಬಿಡತ್ತೆ, ಅಂಥದ್ದನ್ನ ಟ್ರೈಕೋಡರ್ಮಾ ಸುಲಭವಾಗಿ ಹಿಡಿಯತ್ತೆ. ಅದಕ್ಕೆ ಶೀಟ್ ತೆಗೆದ ವಾರದಲ್ಲೇ ಆ ಗೊಬ್ಬರ ಹಾಕಿ. ಶೀಟ್ ತೆಗೆದ್ಮೇಲೆ ಆಳವಾಗಿ ಅಗಿಯೋಕೆ ಮಾತ್ರ ಹೋಗ್ಬೇಡಿ, ಬೇಯದೇ ಇರೋ ಕೆಳಗಿನ ಮಣ್ಣು ಮೇಲೆ ಬಂದ್ರೆ ಆರು ವಾರ ಕಾದಿದ್ದು ದಂಡ.

ನೆರಳಿರೋ ಜಾಗ, ಮಾವಿನ ಮರದ ಕೆಳಗೆ, ಕಾಂಪೌಂಡ್ ಪಕ್ಕ ಇದು ಸರಿಯಾಗಿ ಆಗಲ್ಲ. ಅಂಥ ಕಡೆ ಎರಡು ವರ್ಷ ಗಡ್ಡೆ ಹೂವು ಬಿಟ್ಟು ಮುಸುಕಿನ ಜೋಳ ಹಾಕಿ, ಅದಕ್ಕೆ ಇದರ ಕಾಟ ಕಮ್ಮಿ. ಖಾಲಿ ಜಾಗ ಇದೆಯಲ್ಲ ಅಂತ ಟೊಮ್ಯಾಟೊ ಮೆಣಸಿನಕಾಯಿ ಹಾಕಿದ್ರೆ ರೋಗಕ್ಕೆ ಊಟ ಹಾಕಿದ ಹಾಗೆ.

ಕುಂಡದಲ್ಲಿ ಬಂದಿದ್ರೆ ಸುಲಭ. ಮಣ್ಣು ಪೂರ್ತಿ ಕವರಿಗೆ ಹಾಕಿ ಆಚೆ ಹಾಕಿ, ಕುಂಡ ಸೋಪಲ್ಲಿ ಉಜ್ಜಿ ಕುದಿಯೋ ನೀರು ಹುಯ್ದು ಬಿಸಿಲಿಗಿಡಿ, ಹೊಸ ಮಣ್ಣು ತುಂಬಿ. ಪ್ಲಾಸ್ಟಿಕ್ ಕುಂಡ ಆದ್ರೆ ಕುದಿಯೋ ನೀರಿಗೆ ಸೊಟ್ಟಗಾಗತ್ತೆ, ಸೋಪು ಬಿಸಿಲು ಸಾಕು.

6. ಗಡ್ಡೆ ಆರಿಸೋದು, ಮತ್ತೆ ನೆಡೋದು

ರೋಗ ಬಂದ ಪಾತಿಯಲ್ಲೂ ಚೆನ್ನಾಗಿರೋ ಗಡ್ಡೆ ಸಿಗತ್ತೆ, ಎಲ್ಲಾ ಎಸೆಯೋದು ಬೇಡ. ಕಿತ್ತ ಗಡ್ಡೆ ತೊಳೆದು, ಮೇಲಿನ ಒಣ ಸಿಪ್ಪೆ ಬಿಡಿಸಿ, ಬಿಳಿ ಹಾಳೆ ಮೇಲೆ ಹರಡಿ ಒಂದೊಂದೇ ನೋಡಿ. ಸಿಪ್ಪೆ ಮಡಿಕೆ ಒಳಗೆ ಕಾಳು ಅಡಗಿರತ್ತೆ. ಹಾಳೆ ಬಿಳಿ ಇದ್ರೆ ಉದುರಿದ ಕಾಳು ಕಣ್ಣಿಗೆ ಬೀಳತ್ತೆ, ನ್ಯೂಸ್‌ಪೇಪರ್ ಆದ್ರೆ ಅಕ್ಷರದ ಮಧ್ಯೆ ಕಾಣಲ್ಲ. ನಾನು ಅಮ್ಮನ್ನ ಕೂರಿಸ್ಕೊಂಡು ಮಾಡ್ತೀನಿ, ಅಕ್ಕಿ ಆರಿಸಿ ಆರಿಸಿ ಅವರ ಕಣ್ಣು ಹೇಗಿದೆ ಅಂದ್ರೆ ನನಗೆ ಕಾಣದೇ ಇದ್ದಿದ್ದು ಅವರಿಗೆ ಕಾಣತ್ತೆ. "ನೋಡು ಇಲ್ಲೊಂದಿದೆ, ಸಿಪ್ಪೆ ಕೆಳಗೆ" ಅಂತ ಉಗುರಲ್ಲಿ ತೆಗೆದು ತೋರಿಸ್ತಾರೆ.

ಒತ್ತಿದ್ರೆ ಮೆತ್ತಗಿರೋದು, ಬುಡದಲ್ಲಿ ಕಂದು ಕಲೆ ಇರೋದು, ಕಾಳು ಸಿಕ್ಕಿದ್ದು, ಮೂರೂ ಕವರಿಗೆ. ಉಳಿದಿದ್ದನ್ನ ನೆರಳಲ್ಲಿ ಗಾಳಿ ಆಡೋ ಕಡೆ ನಾಲ್ಕರಿಂದ ಆರು ವಾರ ಒಣಗಿಸಿ, ಸುಗಂಧರಾಜಕ್ಕೆ ಆ ವಿಶ್ರಾಂತಿ ಬೇಕು, ಮಣ್ಣು ಬೇಯೋ ಸಮಯನೂ ಅಷ್ಟೇ ಆಗೋದ್ರಿಂದ ಎರಡೂ ಸರಿಹೋಗತ್ತೆ. ನೆಡೋ ದಿನ ಒಂದು ಲೀಟರ್ ನೀರಿಗೆ 10 ಗ್ರಾಂ ಟ್ರೈಕೋಡರ್ಮಾ ಕದಡಿ ಅರ್ಧ ಗಂಟೆ ಗಡ್ಡೆ ಅದ್ದಿ ತೆಗೆದು ನೆರಳಲ್ಲಿ ಆರಿಸಿ ನೆಡಿ. ಎರಡು ಇಂಚು ಆಳ, ಬುಡದಿಂದ ಬುಡಕ್ಕೆ ಒಂದು ಅಡಿ. ಹೂವು ಜಾಸ್ತಿ ಆಗ್ಲಿ ಅಂತ ಒತ್ತೊತ್ತಾಗಿ ನೆಟ್ರೆ ಬುಡಕ್ಕೆ ಗಾಳಿ ಬಿಸಿಲು ಹೋಗಲ್ಲ, ದಾರಕ್ಕೆ ಒಂದು ಬುಡದಿಂದ ಇನ್ನೊಂದಕ್ಕೆ ದಾಟೋಕೆ ಸುಲಭ ಆಗತ್ತೆ. ಮಟ್ಟ ನೆಲಕ್ಕಿಂತ ಆರು ಇಂಚು ಎತ್ತರದ ಏರುಮಡಿ ಮಾಡಿ, ಮಳೆ ನೀರು ನಿಲ್ಲಬಾರದು.

7. ನೆಟ್ಟ ಮೇಲೆ

ನೀರು ಬೆಳಗ್ಗೆ ಹಾಕಿ, ಸಾಯಂಕಾಲದ ಹೊತ್ತಿಗೆ ಮೇಲಿನ ಮಣ್ಣು ಒಣಗಿರಬೇಕು. ರಾತ್ರಿ ಇಡೀ ಒದ್ದೆ ಇದ್ರೆ ರೋಗಕ್ಕೆ ಹಬ್ಬ.

ಮಲ್ಚಿಂಗ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಒಣ ಎಲೆ ಮುಚ್ಚಿಗೆ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ಒಳ್ಳೇದೇ, ಮಣ್ಣಿಗೆ ನಾನೂ ಹಾಕ್ತೀನಿ, ಆದ್ರೆ ಈ ರೋಗ ಇರೋ ಪಾತಿಯಲ್ಲಿ ಬುಡಕ್ಕೆ ತಾಗೋ ಹಾಗೆ ಎಲೆ ಹಾಕಿದ್ರೆ ಅದೇ ಅದಕ್ಕೆ ಮೊದಲ ಊಟ. ಬುಡದ ಸುತ್ತ ನಾಲ್ಕು ಇಂಚು ಬರೀ ಮಣ್ಣು ಬಿಡಿ. ಹಸಿ ಸಗಣಿ, ಅರೆಬರೆ ಕಳಿತ ಗೊಬ್ಬರ, ಕಿತ್ತ ಕಳೆನ ಅಲ್ಲೇ ಹಾಕೋದು, ಇದೂ ಬೇಡ. ಹೂ ಮುಗಿದ ಕಡ್ಡಿ, ಹಳೇ ಎಲೆ ಆಗಾಗ ಕತ್ತರಿಸಿ ಆಚೆ ಹಾಕಿ.

ಮಲೆನಾಡಿನವರಿಗೆ ಸ್ವಲ್ಪ ಬೇರೆ. ಅಲ್ಲಿ ಮಣ್ಣು ಹುಳಿ, ಈ ಶಿಲೀಂಧ್ರಕ್ಕೆ ಹುಳಿ ಮಣ್ಣೇ ಇಷ್ಟ, ಮೇಲಿಂದ ತಿಂಗಳುಗಟ್ಟಲೆ ಒದ್ದೆ. ಮಣ್ಣು ಪರೀಕ್ಷೆ ಮಾಡಿಸಿ ಪಿಎಚ್ 6ಕ್ಕಿಂತ ಕಮ್ಮಿ ಇದ್ರೆ ಅವರು ಹೇಳಿದಷ್ಟು ಕೃಷಿ ಸುಣ್ಣ ಮಳೆಗಾಲಕ್ಕೆ ಮುಂಚೆ ಸೇರಿಸಿ. ಸುಗಂಧರಾಜಕ್ಕೆ 6.5ರಿಂದ 7.5 ಸರಿ. ನಮ್ಮ ಬಯಲುಸೀಮೆ ಕಡೆ ಎಷ್ಟೋ ಮಣ್ಣು ಮೊದ್ಲೇ 7ರ ಮೇಲಿರತ್ತೆ, ಯಾರೋ ಹೇಳಿದ್ರು ಅಂತ ಸುಮ್ನೆ ಸುಣ್ಣ ಎರಚಬೇಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಎರಡು ದಿನಕ್ಕೊಮ್ಮೆ ಬುಡ ನೋಡಿ, ಮಳೆ ಬಂದು ಬಿಸಿಲು ಬಂದ ದಿನ ತಪ್ಪದೇ ನೋಡಿ. ಹತ್ತು ಬುಡಕ್ಕೆ ಎರಡು ನಿಮಿಷ. ಗೋಡೆ ಕ್ಯಾಲೆಂಡರಲ್ಲಿ ಯಾವ ದಿನ ಯಾವ ಬುಡ ಎತ್ತಿದ್ದು ಅಂತ ಬರ್ಕೊಂಡ್ರೆ ಮುಂದಿನ ವರ್ಷ ಯಾವ ಮೂಲೆ ಮೊದ್ಲು ನೋಡಬೇಕು ಅಂತ ಗೊತ್ತಾಗತ್ತೆ.

ಗಡ್ಡೆ ಕೊಡೋವಾಗ, ತಗೊಳ್ಳೋವಾಗ

ನಮ್ಮಲ್ಲಿ ಹೂವಿನ ಗಡ್ಡೆ ಯಾರು ದುಡ್ಡು ಕೊಟ್ಟು ತರ್ತಾರೆ ಹೇಳಿ. ಸಾಗರ ತೀರ್ಥಹಳ್ಳಿ ಕಡೆ ನೆಂಟರ ಮನೆಗೆ ಹೋದ್ರೆ ಬರುವಾಗ ಡೇರೆ ಗಡ್ಡೆ ಕವರಲ್ಲಿ ಹಾಕಿ ಕೊಡದೇ ಕಳಿಸಲ್ಲ, ಯಾವ ಬಣ್ಣ ಯಾರ ಮನೆಯಿಂದ ಬಂತು ಅಂತ ಮೂವತ್ತು ವರ್ಷ ನೆನಪಿಟ್ಕೊಂಡಿರ್ತಾರೆ. ಅದು ನಿಲ್ಲಬಾರದು. ಆದ್ರೆ ಗಡ್ಡೆ ಜೊತೆ ಒಣಗಬಾರದು ಅಂತ ಒಂದು ಹಿಡಿ ಮಣ್ಣು ಹಾಕಿ ಕೊಡ್ತೀವಲ್ಲ, ಅದನ್ನ ಬಿಡೋಣ. ತೊಳೆದು, ಸಿಪ್ಪೆ ನೋಡಿ, ಆರಿಸಿ, ತೆಂಗಿನ ನಾರಲ್ಲಿ ಸುತ್ತಿ ಕೊಡಿ, ಹಾಗೇ ಒಂದು ವಾರ ಏನೂ ಆಗಲ್ಲ. ತಗೊಂಡು ಬಂದಿದ್ದನ್ನ ನೇರ ಪಾತಿಗೆ ಹಾಕದೆ ಒಂದು ಮಳೆಗಾಲ ಬೇರೆ ಕುಂಡದಲ್ಲಿ, ಮಿಕ್ಕ ಗಿಡಗಳಿಂದ ದೂರ ಇಟ್ಟು ನೋಡಿ.

ಹೋದ ತಿಂಗಳು ಎದುರು ಮನೆ ಆಂಟಿ ಬಂದು "ಎಷ್ಟು ಚೆನ್ನಾಗಿ ಬಿಟ್ಟಿದೆ, ನನಗೂ ನಾಲ್ಕು ಗಡ್ಡೆ ಕಿತ್ತುಕೊಡಮ್ಮ" ಅಂದ್ರು. "ಈಗ ಬೇಡ ಆಂಟಿ, ಬೇಸಿಗೆಯಲ್ಲಿ ಕಿತ್ತಾಗ ಆರಿಸಿ ಕೊಡ್ತೀನಿ, ಅಷ್ಟರಲ್ಲಿ ನೀವು ಆ ಟೊಮ್ಯಾಟೊ ಪಾತಿಯಲ್ಲಿ ಗಿಡ ಬಾಡಿತ್ತು ಅಂದ್ರಲ್ಲ, ಅದರ ಬುಡ ಒಂದ್ಸಲ ನೋಡೋಣ ಬನ್ನಿ" ಅಂತ ಕರ್ಕೊಂಡು ಹೋದೆ. ಎಲೆ ಸರಿಸಿದ್ರೆ ಕಾಂಡದ ಬುಡಕ್ಕೆ ಬಿಳಿ ದಾರ, ಪಕ್ಕದಲ್ಲಿ ಬಿದ್ದ ಎಲೆ ಮೇಲೆ ಏಳೆಂಟು ಗಂಟು ಇನ್ನೂ ಬೆಳ್ಳಗೇ ಇತ್ತು. ಹಾರೆ ನಮ್ಮನೆಯಿಂದಲೇ ತಂದೆ.